ಅಳತೆಗೆ ನಿಂತವಳು

ಹೋದ ವಾರ ಹರಪನಹಳ್ಳಿಯ ತವರಿಗೆ ಹೋದಾಗ ಪಕ್ಕದ ಮನೆಯ ಅತ್ತೆ ಒಂದು ಚೀಲ ಕೊಟ್ಟರು. “ಲವಂಗ, ಯಾಲಕ್ಕಿ ಹಾಕ್ಕೊಳಾಕ ಬರ್ತಾವು ನೋಡವ್ವ.” ಫಿಲ್ಮ್ ರೋಲಿನ ಕಪ್ಪು ಡಬ್ಬಿಗಳು. ಅವುಗಳ ಅಡಿಯಲ್ಲಿ ನನ್ನ ಹೆಸರು ಬರೆದ ಒಂದು ಹಳದಿ ಕವರು. ಕವರನ್ನು ಪಕ್ಕಕ್ಕಿಟ್ಟು ಮೊದಲು ಒಂದು ಡಬ್ಬಿಯ ಮುಚ್ಚಳ ತೆಗೆದೆ. ಫಿಲ್ಮಿನ ಹುಳಿಹುಳಿಯಾದ ಆ ವಾಸನೆ ಇನ್ನೂ ಹೋಗಿರಲಿಲ್ಲ... ಅತ್ತೆಯ ಗಂಡ, ನಮ್ಮ ಸ್ಟುಡಿಯೋ ಮಾವ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಕಟ್ಟೆಯ ಮೇಲೆ ಬಂದು ಕೂತ ಹಾಗಾಯಿತು.

ತೊಂಬತ್ತರ ದಶಕದ ಕೊನೆ. ನಾನು ಆಗಷ್ಟೇ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಾವ ವಾರವೆಲ್ಲ ಮದುವೆ, ಪಾಸ್‌ಪೋರ್ಟ್ ಸೈಜು ಎಂದು ಹೊಟ್ಟೆಪಾಡು ನೋಡಿಕೊಂಡು ಭಾನುವಾರ ತಮ್ಮ ಖುಷಿಗೆ ಹೊರಡುತ್ತಿದ್ದರು. ಬುತ್ತಿ ಹಿಡಿದು ಅತ್ತೆಯೂ ನಾನೂ ಹಿಂದೆ. ದೂರದ ಕಾಡು, ಗುಡ್ಡ ಅವರಿಗೆ ಬೇಕಿರಲಿಲ್ಲ. “ಬಸ್ಸಿಗೆ ಹೋಗಿ ಸಂಜಿ ರೊಟ್ಟಿ ಹೊತ್ತಿಗೆ ಮನಿಗೆ ಬರೋ ಅಷ್ಟರೊಳಗ ಏನ್ ಸಿಗತೈತಿ, ಅಷ್ಟ ನಂದು” ಎನ್ನುವರು. ಅಷ್ಟರೊಳಗೇ ಹಂಪಸಾಗರದ ಹಿನ್ನೀರಿಗೆ ಇಳಿಯುವ ಬಾತುಗಳು, ಜಾಲಿಗಿಡಕ್ಕೆ ನೇತುಬಿದ್ದ ಗೀಜಗನ ಗೂಡುಗಳು, ಬಾಗಳಿ ಗುಡಿಯ ನುಣುಪು ಕಂಬಗಳು... ಅವರಿಗೆ ಯಾವುದಕ್ಕೂ ಬರವಿರಲಿಲ್ಲ.

ಹಟ ಮಾತ್ರ ಒಂದಿತ್ತು. ಚಿತ್ರದಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಇಲ್ಲದಿದ್ದರೆ ಕಂಬ ಎಷ್ಟು ಎತ್ತರ, ಗೂಡು ಎಷ್ಟು ದೊಡ್ಡದು ಎಂದು ನೋಡಿದವರಿಗೆ ಹೇಗೆ ತಿಳಿಯಬೇಕು? ಅತ್ತೆ ಸರಿಯಾಗಿ ಕ್ಲಿಕ್ ಅನ್ನುವಾಗಲೇ ಕಣ್ಣು ಮುಚ್ಚುತ್ತಿದ್ದರು. ಹೀಗಾಗಿ ಆ ಕೆಲಸ ನನ್ನ ತಲೆಗೆ ಬಿತ್ತು. “ಟೀಚರ್, ಅಳತಿಗೆ ನಿಲ್ರಿ.” ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ನಾನೇನು ಮೊಳಕೋಲೇ ಎಂದು ಮುಖ ಊದಿಸಿಕೊಂಡದ್ದೂ ಉಂಟು.

ಆ ಹೊತ್ತಿಗೆ ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ಮಾವ ತಮ್ಮ ಸ್ಟುಡಿಯೋದ ನೀಲಿ ಪರದೆಯ ಮುಂದೆ ಕೂರಿಸಿ ತೆಗೆದ ಫೋಟೋ ಎರಡು ಮನೆಗೆ ಹೋಗಿ, ಎರಡು ಮನೆಯಿಂದಲೂ ವಾಪಸ್ ಬಂದಿತ್ತು. ಅದರಲ್ಲಿ ನಾನು ಸೂಜಿ ಚುಚ್ಚಿಸಿಕೊಳ್ಳಲು ಕೂತವಳ ಹಾಗಿದ್ದೆ. ಮೂರನೆಯ ಸಲವೂ ಹಾಗೇ ಆದರೆ ಓಣಿಯಲ್ಲಿ ತಲೆಯೆತ್ತುವುದು ಹೇಗೆ ಎಂದು ಒಳಗೊಳಗೇ ಅಳುಕು. ಅಪ್ಪ ಅದೇ ಫೋಟೋವನ್ನು ಮಾವನ ಕೈಗೆ ಕೊಟ್ಟು, ಕೊಟ್ಟೂರಿನ ಒಂದು ವಿಳಾಸ ಹೇಳಿ, ಹೊಸ ಕವರಿನಲ್ಲಿ ಹಾಕಿ ಅಂಚೆಗೆ ಕೊಟ್ಟುಬಿಡಿ ಎಂದರು.

ಹದಿನೈದು ದಿನಕ್ಕೆ ಕೊಟ್ಟೂರಿನ ಹುಡುಗನೇ ನೇರ ಬಂದ. ಜೇಬಿನಿಂದ ಫೋಟೋ ತೆಗೆದು ಅಪ್ಪನ ಮುಂದೆ ಹಿಡಿದ. ಬಾಗಳಿಯ ಕಂಬ. ಅದರ ಬುಡದಲ್ಲಿ ಹೆಬ್ಬೆರಳಿನಷ್ಟು ನಾನು, ನಮ್ಮ ಬುತ್ತಿಗೆ ಬಾಯಿ ಹಾಕಿದ ಮೇಕೆಯನ್ನು ನೋಡಿ ಬಾಯ್ತುಂಬ ನಗುತ್ತಿದ್ದೆ.

“ಕಂಬ ಚಲೋ ಐತ್ರಿ,” ಎಂದ. “ಬಾಜೂಕ ನಕ್ಕೋತ ನಿಂತಾರಲ್ಲ, ಅವರನ್ನ ನೋಡಿ ಹೋಗೋಣ ಅಂತ ಬಂದೆ.”

ಅಪ್ಪ ಮಾವನನ್ನು ಕರೆಸಿ ಎಲ್ಲರೆದುರೇ ದಬಾಯಿಸಿದರು. “ಕವರು ಅದಲುಬದಲಾಗ್ಯಾವ್ರಿ,” ಎಂದಷ್ಟೇ ಹೇಳಿ ಮಾವ ತಲೆ ತಗ್ಗಿಸಿ ನಿಂತರು. ಮುಂದೆ ಅದೇ ಹುಡುಗನೊಂದಿಗೆ ನನ್ನ ಮದುವೆಯಾಯಿತು. ತವರಿಗೆ ಬಂದಾಗಲೆಲ್ಲ, ಕವರು ನೋಡಿ ಹಾಕಿ ಮಾವ ಎಂದು ಕಾಲೆಳೆಯುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮಾವ ತೀರಿಕೊಂಡು ಮೂರು ವರ್ಷವಾಯಿತು. ಕೊಟ್ಟೂರಿಗೆ ಮರಳಿದ ಮೇಲೆ ಆ ಹಳದಿ ಕವರು ತೆರೆದೆ. ಅದೇ ನೀಲಿ ಪರದೆಯ ಫೋಟೋ. ಹಿಂದೆ ಪೆನ್ಸಿಲಿನಲ್ಲಿ ಅವರದೇ ದುಂಡು ಅಕ್ಷರ: ‘ಇದನ್ನ ಕೊಟ್ಟೂರಿಗೆ ಕಳಸಬಾರದು. ಇದರಾಗ ನಮ್ಮ ಹುಡುಗಿ ಇಲ್ಲ.’

ನನ್ನವರು ಓದಿ ನಕ್ಕರು. ನನಗೆ ಅಳು ಬಂತು. ಅಂದು ಅಷ್ಟು ಜನರ ಮುಂದೆ ಬೈಸಿಕೊಂಡು ಗುಟ್ಟು ಬಿಡದವರಿಗೆ ಒಂದು ಮಾತು ಹೇಳಬೇಕಿತ್ತು... ತಡವಾಯಿತು.

ಅತ್ತೆ ಹೇಳಿದ ಹಾಗೆ ಡಬ್ಬಿಗಳಿಗೆ ಲವಂಗ, ಯಾಲಕ್ಕಿ ತುಂಬಿದ್ದೇನೆ. ಒಂದಕ್ಕೆ ಮಾತ್ರ ಏನೂ ಹಾಕಿಲ್ಲ. ಆ ವಾಸನೆ ಇರುವಷ್ಟು ದಿನ ಇರಲಿ.