ಬಿಗಿದುಹೋದ ರೀಲಿನ ಒಳಗೆ

ಸಮುದ್ರದಂಚಿನ ಬೀದಿಯಲ್ಲಿ ಗಾಳದ ಸಾಮಾನು ಮಾರುವ ಅಂಗಡಿಯೊಂದಿತ್ತು. ಅದರ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೊಂದು ವರ್ಷ ಕೂತು ರೀಲ್ ರಿಪೇರಿ ಮಾಡಿದವಳನ್ನು ಎಲ್ಲರೂ ರೀಲಕ್ಕ ಎನ್ನುತ್ತಿದ್ದರು. ಗಾಳದ ದಾರ ಸುತ್ತುವ ಆ ಯಂತ್ರವನ್ನು ಕಿವಿಗೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು, ಯಾವ ಬೇರಿಂಗ್ ಕೆಟ್ಟಿದೆಯೆಂದು ಹೇಳಿಬಿಡುತ್ತಿದ್ದಳು.

ಒಂದು ದಿನ ಗಾಳ ಹಾಕುವವರ ಸಂಘದ ಅಧ್ಯಕ್ಷರಾದ ಮುದಿ ಕಪ್ತಾನರು ಬಿಗಿದುಹೋದ ರೀಲನ್ನು ತಂದು ಕೌಂಟರಿನ ಮೇಲೆ ಕುಕ್ಕಿದರು. ರೀಲಕ್ಕ ಅದನ್ನು ರಿಪೇರಿ ಮಾಡಿಕೊಟ್ಟು ತಿಂಗಳೂ ತುಂಬಿರಲಿಲ್ಲ. ಅಂಗಡಿ ತುಂಬ ಜನ.

"ಇವಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ಸಾರ್. ನಾಳೆಯಿಂದ ಇವಳು ಬರೋದಿಲ್ಲ," ಎಂದ ಅಂಗಡಿಯ ಯಜಮಾನ.

ಅವಳ ಕಿವಿ ಬಿಸಿಯಾಯಿತು. ಸಮುದ್ರದಿಂದ ವಾಪಸಾದ ಗಿರಾಕಿಗಳ ರೀಲುಗಳಿಗೆ ಪೈಪಿನಿಂದ ಜೋರು ನೀರು ಬಿಟ್ಟು ತೊಳೆದು, ಒದ್ದೆಯಾಗಿಯೇ ಚೀಲಕ್ಕೆ ತುರುಕುತ್ತಿದ್ದವನು ಅವನೇ. "ಹಾಗೆ ತೊಳೆದ್ರೆ ಉಪ್ಪು ಹೊರಗೆ ಹೋಗಲ್ಲ ಯಜಮಾನ್ರೇ, ಇನ್ನೂ ಒಳಗೆ ಹೋಗುತ್ತೆ" ಎಂದು ನೂರು ಸಲ ಹೇಳಿದ್ದಳು. ಆಗೆಲ್ಲ "ನಿನ್ನ ಕೆಲಸ ನೀನು ನೋಡ್ಕೋ" ಎಂದಿದ್ದ.

ಬೀದಿಯ ಎದುರಿಗಿದ್ದ ತನ್ನ ಚಿಕ್ಕಪ್ಪನ ಸೈಕಲ್ ಅಂಗಡಿಯ ಮೂಲೆಯಲ್ಲಿ ಅವಳು ಮೇಜು ಹಾಕಿದಳು. ಯಜಮಾನ ತೊಳೆದುಕೊಟ್ಟ ರೀಲುಗಳು ಒಂದೊಂದಾಗಿ ಕೆಟ್ಟು ಅವಳ ಬಳಿಗೇ ಬಂದವು. ತೆಗೆದುಹಾಕಿದ ತುಕ್ಕು ಬೇರಿಂಗುಗಳನ್ನೆಲ್ಲ ಒಂದು ಡಬ್ಬಿಗೆ ಹಾಕುತ್ತ ಹೋದಳು.

"ಎರಡು ವರ್ಷ ಆಯ್ತಲ್ಲೇ ಮಗಳೇ, ಇನ್ನೂ ಎಷ್ಟು ದಿನ ಹಲ್ಲು ಮಸೀತೀಯ?" ಎಂದು ಚಿಕ್ಕಪ್ಪ ಕೇಳಿದರು.

"ಚಿಕ್ಕಪ್ಪ, ಅವನು ಆ ಮಾತು ಜನರ ಮುಂದೆ ಅಂದ. ಜನರ ಮುಂದೆಯೇ ನುಂಗ್ಲಿ."

ಸಂಘದ ರೀಲುಗಳ ಉಸ್ತುವಾರಿ ಯಾರಿಗೆ ಕೊಡುವುದೆಂದು ಸಭೆ ಸೇರಿದ ದಿನ ಯಜಮಾನ ಮುಂದಿನ ಸಾಲಿನಲ್ಲೇ ಕೂತಿದ್ದ. ರೀಲಕ್ಕ ನೆಟ್ಟಗೆ ಹೋಗಿ ತುಕ್ಕು ಬೇರಿಂಗುಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. "ಇವೆಲ್ಲ ಯಜಮಾನ್ರ ಅಂಗಡೀಲಿ ತೊಳೆದ ರೀಲುಗಳವು," ಎಂದಳು. ಆಮೇಲೆ ಅಂದಿನಿಂದ ಬಿಗಿದೇ ಬಿದ್ದಿದ್ದ ಕಪ್ತಾನರ ಆ ಹಳೆಯ ರೀಲನ್ನೇ ಕೇಳಿ ಪಡೆದು, ಎಲ್ಲರೆದುರು ಬಿಚ್ಚಿದಳು.

"ನೋಡಿ ಸಾರ್, ಗಿಯರಿನ ಮೇಲೆ ನಾನು ಹಚ್ಚಿದ ಗ್ರೀಸ್ ಹಾಗೇ ಇದೆ. ಬೇರಿಂಗಿನದು ನೀರಿನ ರಭಸಕ್ಕೆ ಕೊಚ್ಚಿಹೋಗಿದೆ. ಆ ಜಾಗದಲ್ಲಿ ಉಪ್ಪು ಕೂತಿದೆ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ತಿರುಪು, ನಡುವೆ ಉಪ್ಪುನೀರು ನಿಂತ್ರೆ ಅಲ್ಯೂಮಿನಿಯಂ ಸವೆದುಹೋಗುತ್ತೆ. ಸುತ್ತ ಈ ಬಿಳಿ ಪುಡಿ ಅದರದ್ದೇ. ಒಣಗಿಸದೆ ಚೀಲದಲ್ಲಿಟ್ರೆ ಲೋಹ ಹೀಗೇ ಕೊರೆದುಹೋಗುತ್ತೆ."

ಕಪ್ತಾನರು ಯಜಮಾನನತ್ತ ತಿರುಗಿದರು. "ತೊಳೆದಿದ್ದು ಯಾರಪ್ಪ?"

"ನಾನೇ... ತಪ್ಪು ನನ್ನದೇ," ಎಂದು ಅವನು ಗೊಣಗಿದ.

"ಅವತ್ತಿನಷ್ಟೇ ಜೋರಾಗಿ ಹೇಳಿ ಯಜಮಾನ್ರೇ, ಹಿಂದಿನವರಿಗೆ ಕೇಳಿಸ್ಲಿಲ್ಲ," ಎಂದಳು ರೀಲಕ್ಕ.

ಅವನು ಮತ್ತೆ ಹೇಳಬೇಕಾಯಿತು. ಅವನ ಕತ್ತಿನ ನರ ಉಬ್ಬಿದ್ದನ್ನು ಅವಳು ಕಣ್ಣು ತುಂಬ ನೋಡಿದಳು.

ಸಂಘದ ರೀಲುಗಳು ಅವಳ ಪಾಲಾದವು. ಮೂರು ತಿಂಗಳ ನಂತರ ಯಜಮಾನ ತನ್ನ ಸ್ವಂತ ರೀಲನ್ನು ಭಾವಮೈದುನನ ಕೈಲಿ ಕಳಿಸಿದ. ಅವಳು ಅದನ್ನು ಕಿವಿಗೆ ಹಿಡಿದು ಒಮ್ಮೆ ತಿರುಗಿಸಿದಳು. ಐದು ನಿಮಿಷದ ಕೆಲಸ.

"ಆಗಲ್ಲ ಅಂತ ಹೇಳಿ," ಎಂದು ವಾಪಸು ಕೊಟ್ಟಳು.

"ಪಾಪ ಕಣೇ," ಎಂದರು ಚಿಕ್ಕಪ್ಪ.

ಅವಳಿಗೆ ಹಾಗೇನೂ ಅನಿಸಲಿಲ್ಲ.