ಹಡಗು ಹತ್ತದ ಮಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಕಾಟ್ಲೆಂಡಿನ ಕೇರ್ನ್‌ರಯನ್ ಬಂದರಿನ ಪಕ್ಕದ ಅಂಗಳದಲ್ಲಿ ಐಸೊಬೆಲ್ ಹ್ಯಾನೇ ಕೈಗವಸು ಕಳಚಿ, ನೀರು ಸೋರುತ್ತಿರುವ ನೇಗಿಲಿನ ಸಂದಿಯೊಳಗೆ ಬೆರಳು ತೂರಿಸುತ್ತಾರೆ. ಪೈಪಿನ ನೀರು ತಲುಪದ ಕಡೆ ಬೆರಳು ತಲುಪಬೇಕು. ಸಿಕ್ಕಿದ ಮಣ್ಣನ್ನು ಹಳೆಯ ಚಮಚದ ಹಿಡಿಯಿಂದ ಕೆದಕಿ ತೆಗೆಯುತ್ತಾರೆ.

ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ಹುಟ್ಟಿಕೊಂಡ ಕೆಲಸ ಇದು. ಎದುರು ದಡದ ಉತ್ತರ ಐರ್ಲೆಂಡ್ ಅದೇ ದೇಶದ ಭಾಗವಾದರೂ, ಗಿಡಗಳ ರೋಗದ ವಿಷಯದಲ್ಲಿ ಅಲ್ಲಿ ಇಂದಿಗೂ ಒಕ್ಕೂಟದ ನಿಯಮವೇ ನಡೆಯುತ್ತದೆ. ಹಾಗಾಗಿ ಟ್ರ್ಯಾಕ್ಟರು, ನೇಗಿಲು ಹಡಗು ಹತ್ತಬಹುದು. ಅವಕ್ಕೆ ಅಂಟಿದ, ರೋಗ ಹೊತ್ತೊಯ್ಯಬಹುದಾದ ಮಣ್ಣು ಹತ್ತುವಂತಿಲ್ಲ. ಡೇರಿ ಮುಚ್ಚಿ ಕೆಲಸ ಕಳೆದುಕೊಂಡಿದ್ದ ಐಸೊಬೆಲ್ ಈಗ ದಿನಕ್ಕೆ ನಾಲ್ಕೈದು ಯಂತ್ರ ತೊಳೆಯುತ್ತಾರೆ. ಚಳಿಗಾಲದಲ್ಲಿ ಬೆರಳು ಸೆಟೆದು ಅಂಗಿಯ ಗುಂಡಿ ಹಾಕಲೂ ಬರುವುದಿಲ್ಲ.

"ಆ ದಡಕ್ಕೆ ಹೋಗೋಕೆ ನನಗೆ ಪಾಸ್‌ಪೋರ್ಟ್ ಬೇಡ. ನನ್ನ ಬೂಟಿನ ಮಣ್ಣಿಗೆ ಬೇಕು," ಎಂದು ನಗುತ್ತಾರೆ.

ಇವತ್ತು ಮಾತ್ರ ನಗು ಕಡಿಮೆ. ಈ ನೇಗಿಲು ಹೋದ ವಾರವೇ ಕಡಲು ದಾಟಿ ವಾಪಸು ಬಂದಿದೆ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಐಸೊಬೆಲ್ ಎಂದಿನಂತೆ ಗ್ರೀಸ್ ಮೆತ್ತಿದ್ದರು. ಅದರಡಿ ಕಡಲೆಗಾತ್ರದ ಹೆಂಟೆಯೊಂದು ಉಳಿದುಬಿಟ್ಟಿತ್ತು. ಅದು ಆ ದಡದ ತಪಾಸಣೆಯವರ ಕಣ್ಣಿಗೆ ಬಿದ್ದು, ನೇಗಿಲನ್ನೇ ಹಿಂದಕ್ಕೆ ಕಳಿಸಿದ್ದರು. ನಾಳೆ ಆ ದಡದಲ್ಲಿ ಉಳುವ ಪಂದ್ಯ. ನೇಗಿಲು ಕೊಂಡ ಅಲ್ಲಿನ ರೈತ ಡೆಸ್ಮಂಡ್ ಮೆಕಿಲ್ರಾಯ್ ಪಕ್ಕದಲ್ಲೇ ಚಡಪಡಿಸುತ್ತಿದ್ದಾರೆ.

"ಗ್ರೀಸ್ ಹಚ್ಚೋದಿಲ್ವಾ ಮಾರಾಯ್ತಿ? ತುಕ್ಕು ಹಿಡಿಯುತ್ತಲ್ಲ!"

"ತುಕ್ಕು ಹಿಡಿದ್ರೆ ನೀನು ಉಜ್ಕೋ. ವಾಪಸ್ ಬಂದ್ರೆ ಪಂದ್ಯಾನೇ ಇಲ್ಲ."

"ಹೋದ ಸಲಾನೂ ಕನ್ನಡಿ ಹಂಗಿದೆ ಅಂದಿದ್ದೆ ನೀನು."

"ಅಂದಿದ್ದೆ. ತಪ್ಪು ನಂದೇ. ಈಗ ಬಾಯ್ಮುಚ್ಚಿ ಟಾರ್ಚ್ ಹಿಡಿ."

ಗ್ರೀಸಿಲ್ಲದ ಬರಿಮೈಯಲ್ಲೇ ನೇಗಿಲು ಡೆಸ್ಮಂಡರ ಜೊತೆ ಹಡಗು ಹತ್ತುತ್ತದೆ. ಐಸೊಬೆಲ್ ಚಹಾ ಮಾಡಿಕೊಳ್ಳುತ್ತಾರೆ, ಕುಡಿಯುವುದಿಲ್ಲ. ಇನ್ನೊಂದು ಸಲ ವಾಪಸು ಬಂದರೆ ಈ ಅಂಗಳಕ್ಕೆ ಯಾರು ಬಂದಾರು? ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಹೊಡೆದುಕೊಳ್ಳುತ್ತದೆ.

"ಬಿಟ್ರು ಕಣೇ!" ಡೆಸ್ಮಂಡರ ಕೂಗು ಅಂಗಳಕ್ಕೆಲ್ಲ ಕೇಳಿಸುತ್ತದೆ. "ಸಂದಿಗೊಂದೆಲ್ಲ ಹುಡುಕಿದ್ರು, ಏನೂ ಸಿಗ್ಲಿಲ್ಲ. ತುಕ್ಕು ಮಾತ್ರ ಆಗ್ಲೇ ಶುರುವಾಗಿದೆ!"

"ಉಜ್ಜಪ್ಪಾ, ಉಜ್ಜು."

ಫೋನ್ ಇಟ್ಟು, ಮಗುಚಿದ ಬಕೆಟ್ಟಿನ ಮೇಲೆ ಕೂತು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಮುಂದಿನ ಟ್ರ್ಯಾಕ್ಟರ್ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಿದೆ.

"ಇಲ್ಲಿ ಬರೀ ತೊಳೆದು ಕಳಿಸೋದೇ ಆಯ್ತು," ಎನ್ನುತ್ತಾರೆ ಐಸೊಬೆಲ್, ಏಳುತ್ತ. "ಒಂದ್ಸಲ ಆ ಕಡೆ ಹೋಗಿ, ನಾನು ತೊಳೆದ ನೇಗಿಲು ಮತ್ತೆ ಕೊಳೆಯಾಗೋದನ್ನ ಕಣ್ತುಂಬ ನೋಡ್ಬೇಕು."