ಎಡಗೈ ಬಣ್ಣಕ್ಕೆ, ಬಲಗೈ ನೀರಿಗೆ

ಅವರ ಎಡಗೈಗೆ ಮೊಣಕೈವರೆಗೂ ಸದಾ ಬಣ್ಣ. ಒಂದು ವಾರ ನೀಲಿ, ಮತ್ತೊಂದು ವಾರ ಕಡುಗೆಂಪು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಹಿಂದಿನ ವಾರದ್ದೊಂದಿಷ್ಟು ಉಳಿದೇ ಇರುತ್ತಿತ್ತು. ಬಲಗೈ ಮಾತ್ರ ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗೆ ಸ್ವಚ್ಛ. ಕುದಿಯುವ ಹಂಡೆಯಲ್ಲಿ ನೂಲಿನ ಲಡಿ ತಿರುವುವಾಗಲೂ ಬಲಗೈ ಕೋಲನ್ನಷ್ಟೇ ಹಿಡಿಯುತ್ತಿತ್ತು. “ಎಡಗೈ ಬಣ್ಣಕ್ಕ, ಬಲಗೈ ನೀರಿಗೆ. ಎರಡೂ ಕೂಡಬಾರದ್ರಿ,” ಎನ್ನುತ್ತಿದ್ದರು. ಓಣಿಯವರೆಲ್ಲ ಅವರನ್ನು ಬಣ್ಣದ ಕಾಕಾ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪಳಕ್ಕೂ ಕುಷ್ಟಗಿಗೂ ನಡುವಿನ ಒಂದು ದೊಡ್ಡ ಊರಿಗೆ ಪಂಚಾಯಿತಿ ಕ್ಲರ್ಕನಾಗಿ ಹೋದೆ. ಜೊತೆಗೆ ಹೆಂಡತಿ, ಆರು ತಿಂಗಳ ಮಗಳು. ಕಾಕಾರ ಮನೆಯ ಮುಂದಿನ ಎರಡು ಖೋಲಿ ನಮಗೆ ಬಾಡಿಗೆಗೆ ಸಿಕ್ಕವು. ಹಿತ್ತಲಲ್ಲಿ ಅವರ ಹಂಡೆಗಳು. ಭಾಗ್ಯನಗರದ ನೇಕಾರರು ಕಳಿಸುವ ನೂಲಿಗೆ ಬಣ್ಣ ಹಾಕಿಕೊಡುವುದು ಅವರ ಕಸುಬು. ಓಣಿಯ ತುದಿಯಲ್ಲಿ ಸಿಹಿನೀರಿನ ಬಾವಿ ಇತ್ತು. ಊರಿನ ಉಳಿದ ಬಾವಿಗಳೆಲ್ಲ ಸವಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕೊಡುತ್ತಿರಲಿಲ್ಲ. ಹಾಗಾಗಿ ಮುಕ್ಕಾಲು ಊರು ಕೊಡ ಹಿಡಿದು ನಮ್ಮ ಓಣಿಗೇ ಬರುತ್ತಿತ್ತು.

ಬೆಳಿಗ್ಗೆ ಮೊದಲ ಕೊಡ ಕಾಕಾರದು. ಸೇದಿದ ನೀರನ್ನು ಬಲ ಅಂಗೈಗೆ ಸುರಿದುಕೊಂಡು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

“ಕಾಕಾ, ಉಪ್ಪು ಖಾರ ಸರಿ ಐತೇನ್ರಿ?” ಎಂದು ನನ್ನ ಹೆಂಡತಿ ಕಿಚಾಯಿಸುತ್ತಿದ್ದಳು.

“ನಿನ್ನ ಸಾರಿಗಿಂತ ಛಲೋ ಐತಿ ಬಿಡವಾ.”

ಊರಿನ ಕಸದ ತಂಟೆ ಬಂದದ್ದು ನನ್ನ ಮೇಜಿಗೆ. ಬಾವಿಯಿಂದ ಒಂದು ಕೂಗಳತೆ ಮೇಲಕ್ಕೆ, ಕಲ್ಲು ಒಡೆದು ಬಿಟ್ಟುಹೋದ ದೊಡ್ಡ ಗುಂಡಿಯಿತ್ತು. ನಾನು ಹೋಗಿ ನೋಡಿ ಬಂದು, ‘ತಳವೆಲ್ಲ ಬಂಡೆ ಇರುವುದರಿಂದ ಕಸ ತುಂಬಲು ಯೋಗ್ಯ’ ಎಂದು ಟಿಪ್ಪಣಿ ಬರೆದೆ. ಅಕ್ಷರ ಮುತ್ತಿನಂತಿದೆ ಎಂದು ಚೇರ್ಮನ್ನರು ಹೊಗಳಿದರು. ಸಂತೆಯ ಕೊಳೆತ ಕಾಯಿಪಲ್ಲೆ, ಎಣ್ಣೆ ಗಾಣದ ಗಸಿ, ಸತ್ತ ದನ, ದವಾಖಾನೆಯ ಬ್ಯಾಂಡೇಜು ಎಲ್ಲ ಚಕ್ಕಡಿಗಟ್ಟಲೆ ಹೋಗಿ ಅಲ್ಲಿ ಬಿತ್ತು. ಊರು ಚೊಕ್ಕವಾಯಿತು. ನನಗೆ ಕೋಡು ಮೂಡುವುದೊಂದು ಬಾಕಿ ಇತ್ತು.

ಎರಡನೆಯ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಬೆಳಿಗ್ಗೆ ಕಾಕಾ ಬಾಯಿಗೆ ಹಾಕಿಕೊಂಡ ನೀರನ್ನು ಉಗುಳಿದರು. ಅಂದು ಹಳದಿ ಹಾಕಿದ ಲಡಿಗಳು ಮಬ್ಬಾಗಿ ಬಂದವು. ಮರುದಿನವೂ ಹಾಗೇ. ನಾನು ಕಚೇರಿಗೆ ಹೊರಟಾಗ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು.

“ನೀರು ಕೆಟ್ಟೈತ್ರಿ ಸಾಹೇಬ್ರ. ಗುಂಡ್ಯಾಗಿನ ಹೊಲಸು ಬಾವಿಗೆ ಇಳದೈತಿ.”

“ಕೆಳಗ ಬರೇ ಕಲ್ಲು ಐತಿ ಕಾಕಾ. ಕಲ್ಲು ದಾಟಿ ಹ್ಯಾಂಗ ಬರತೈತಿ? ನಿಮ್ಮ ನಾಲಿಗಿಗೆ ವಯಸ್ಸಾಗೇತಿ.”

“ಹೌದ್ರಿ, ಆಗೇತಿ. ಆದ್ರ ಬಾವಿ ತೋಡಿದಾಗ ನೀರು ಎಲ್ಲಿಂದ ಬಂತು? ಕಲ್ಲಿನ ಸೀಳಿನಿಂದಾನ ಬಂತಲ್ರಿ?”

ಉತ್ತರವಿಲ್ಲದ ಕ್ಲರ್ಕ್ ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಹೊತ್ತಾಯಿತೆಂದು ಸೈಕಲ್ ಹತ್ತಿದೆ.

ಅದೇ ತಿಂಗಳು ನನ್ನ ಮಗಳಿಗೆ ವಾಂತಿ ಭೇದಿ ಶುರುವಾಯಿತು. ಓಣಿಯ ಇನ್ನೂ ಕೆಲವು ಮಕ್ಕಳು ಹಾಸಿಗೆ ಹಿಡಿದವು. ಮಗುವಿನ ಕಣ್ಣು ಗುಳಿಬಿದ್ದದ್ದನ್ನು ನೋಡಿದಾಗ ನನ್ನ ಟಿಪ್ಪಣಿಯ ಒಂದೊಂದು ಅಕ್ಷರವೂ ನೆನಪಾಯಿತು. ಕಾಯಿಸಿದ ನೀರು, ಡಾಕ್ಟರ ಔಷಧಿ ಎಂದು ಹೇಗೋ ಉಳಿದುಕೊಂಡಳು. ನಾನು ಕಾಕಾರ ಮುಂದೆ ಹೋಗಿ ತಲೆ ತಗ್ಗಿಸಿ ನಿಂತೆ. ಅವರು ಒಂದೂ ಕೊಂಕು ಮಾತಾಡಲಿಲ್ಲ. “ನಡೀರಿ, ಚೇರ್ಮನ್ನರ ಕಡೆ ಹೋಗೂಣು,” ಎಂದರು.

ಚೇರ್ಮನ್ನರು ಪುರಾವೆ ಕೇಳಿದರು. ಕಾಕಾ, “ನನಗ ಗೊತ್ತಿರೋದು ಬಣ್ಣ ಒಂದ ರೀ. ಅದನ್ನ ಕೇಳಿ ನೋಡತೀನಿ,” ಎಂದರು.

ಮರುದಿನ ಬಾವಿಕಟ್ಟೆಯ ಬಳಿ ನಿಂತು, ನೀರಿಗೆ ಬಂದ ಹೆಂಗಸರಿಗೆಲ್ಲ ಕೈ ಮುಗಿದು ಹೇಳಿದರು: “ಯವ್ವಾ, ಹತ್ತು ದಿನ ಈ ಬಾವಿ ಬಿಡ್ರಿ. ಮ್ಯಾಲಿನ ಗುಂಡ್ಯಾಗ ಬಣ್ಣ ಸುರೀತೀನಿ. ಅದು ಇಲ್ಲಿಗೆ ಬಂತಂದ್ರ ಹೊಲಸೂ ಬರಾಕತ್ತೈತಿ ಅಂತ ಅರ್ಥ. ನೀವು ಹೂಂ ಅಂದ್ರಷ್ಟ ಮಾಡತೀನಿ.” ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕಿ ಖಾಲಿ ಕೊಡ ಸೊಂಟಕ್ಕೇರಿಸಿ, “ಹತ್ತು ದಿನ ಸವಳು ಕುಡದ್ರ ಸಾಯಂಗಿಲ್ಲ. ಮಾಡಪಾ,” ಎಂದಳು. ಆ ಹತ್ತು ದಿನ ಎಲ್ಲರೂ ಗುಡಿಯ ಹತ್ತಿರದ ಸವಳು ಬಾವಿಗೆ ಹೋದರು.

ಕಾಕಾ ಎರಡು ಹಂಡೆ ಗಟ್ಟಿ ಹಳದಿ ಬಣ್ಣ ಹೊತ್ತೊಯ್ದು ಗುಂಡಿಯಲ್ಲಿ ನಿಂತ ಕರಿನೀರಿಗೆ ಸುರಿದರು. ಇತ್ತ ಬಾವಿಯಲ್ಲಿ ಬಿಳಿ ನೂಲಿನ ಲಡಿಯೊಂದಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಬಣ್ಣವಿದ್ದರೂ ಹತ್ತಿ ನೂಲು ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ ಎನ್ನುವುದು ಅವರ ಕಸುಬಿನ ಅನುಭವ. ದಿನಾ ಬೆಳಿಗ್ಗೆ ಎಳೆದು ನೋಡುತ್ತಿದ್ದೆವು. ಒಂದು ವಾರ ಬೆಳ್ಳಗೇ ಇತ್ತು. ಎಂಟನೆಯ ದಿನ ನಾನೇ ಹಗ್ಗ ಎಳೆದೆ. ಅರಿಶಿನದ ಕೈ ಒರೆಸಿದ ಹಾಗೆ ಲಡಿಯ ತುಂಬ ತಿಳಿ ಹಳದಿ. ತೊಳೆದೆ, ಹಿಂಡಿದೆ, ಹೋಗಲಿಲ್ಲ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಮತ್ತೆಂದೂ ಆಗಿಲ್ಲ.

ಆ ಲಡಿಯನ್ನು ಪಂಚಾಯಿತಿ ಮೇಜಿನ ಮೇಲಿಟ್ಟೆವು. ಬಾಗಿಲ ಹೊರಗೆ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಚೇರ್ಮನ್ನರು ಜಾಣರು.

“ಆತಪಾ, ಒಪ್ಪಿದೆ. ಗುಂಡಿ ನೀರು ಬಾವಿಗೆ ಬರತೈತಿ ಅಂದಮ್ಯಾಲ, ನಿನ್ನ ಹಿತ್ತಲ ಗುಂಡ್ಯಾಗ ದಿನಾ ಚೆಲ್ಲತೀಯಲ್ಲ, ಆ ಬಣ್ಣದ ನೀರು ಎಲ್ಲಿಗೆ ಹೊಕ್ಕೈತಿ?”

ಕೂತವರು ನಕ್ಕರು. ಕಾಕಾ ನಗಲಿಲ್ಲ, ಸಿಟ್ಟಾಗಲಿಲ್ಲ. ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. “ಅದನ್ನ ನಾ ವಿಚಾರ ಮಾಡಿದ್ದಿಲ್ರಿ. ಅದನ್ನೂ ನೋಡೂಣು,” ಎಂದರು.

ಯಾರೂ ಒತ್ತಾಯ ಮಾಡಿರಲಿಲ್ಲ. ಅವರೇ ಹೋಗಿ ಇನ್ನೊಂದು ಲಡಿಯನ್ನು, ತಮ್ಮ ಹಿತ್ತಲಿನಿಂದ ಇಳಿಜಾರಿಗಿದ್ದ ಕೆಳಗಿನ ಓಣಿಯ ಸವಳು ಬಾವಿಗೆ ಇಳಿಬಿಟ್ಟರು. ಅದು ದನಕರು, ಬಟ್ಟೆಬರೆಗೆ ಬಳಸುವ ಬಾವಿ. ದೂರ ನಡೆಯಲಾಗದ ಮುದುಕಿಯರು ಕುಡಿಯುತ್ತಲೂ ಇದ್ದರು. ಆ ವಾರ ಹಂಡೆಯಲ್ಲಿ ನೀಲಿ ಇತ್ತು. ಐದನೆಯ ದಿನ ಕಾಕಾ ಲಡಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ನೀಲಿಯಾಗಿತ್ತು. “ಇಷ್ಟು ವರ್ಷ ನಾನ ಕುಡಿಸೀನ್ರಿ,” ಎಂದು ಹೊಸ್ತಿಲ ಮೇಲೆ ಕುಸಿದು ಕೂತರು. ನನ್ನ ಹೆಂಡತಿ ನೀರು ಕೊಟ್ಟರೆ ಲೋಟ ಹಿಡಿದವರು ಕುಡಿಯಲೇ ಇಲ್ಲ.

ನಾನು ಹೊಸ ಟಿಪ್ಪಣಿ ಬರೆದೆ. ಹಿಂದಿನದು ನನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಬರೆದೆ. ಮುಂದಿನ ಮಳೆಗೆ ಮೊದಲು ಕಲ್ಲಿನ ಗುಂಡಿಯನ್ನು ಬಳಿದು ಖಾಲಿ ಮಾಡಿಸಿದೆವು. ನೀರು ತಿಳಿಯಾಗುವವರೆಗೂ ಸಿಹಿಬಾವಿಯ ನೀರನ್ನು ಕಾಯಿಸಿಯೇ ಕುಡಿಯಿರಿ ಎಂದು ಊರಿಗೆಲ್ಲ ಹೇಳಿದೆವು. ಊರಾಚೆ, ಬಾವಿಗಳಿಲ್ಲದ ಇಳಿಜಾರಿನಲ್ಲಿ ಹೊಸ ಗುಂಡಿ ತೋಡಿದಾಗ ಕಾಕಾ ಸವಳು ಮಣ್ಣು ತರಿಸಿ, ತಳಕ್ಕೂ ಗೋಡೆಗೂ ಹಾಕಿ, ಮಾಳಿಗೆಗೆ ಬಡಿಯುವ ಹಾಗೆ ಬಡಿಸಿದರು. “ಮಳಿ ನೀರು ತಲಿಮ್ಯಾಲ ಸೋರಬಾರದಂತ ಮಾಳಿಗಿಗೆ ಈ ಮಣ್ಣು ಹಾಕತೀವಿ. ಕೆಳಗಿರೋ ನೀರಿಗೂ ಒಂದು ಮಾಳಿಗಿ ಬ್ಯಾಡೇನ್ರಿ?” ಎಂದರು. ಅಂಥ ಮಾತು ನನ್ನ ಯಾವ ಕಡತದಲ್ಲೂ ಇರಲಿಲ್ಲ.

ನಿಮ್ಮ ಗುಂಡಿಗೂ ಅದೇ ಮಣ್ಣು ಬಡಿಸಿ ಎಂದೆ. “ಕಸ ಮಳಿಗಾಲದಾಗಷ್ಟ ತೋಯತೈತಿ. ನಂದು ದಿನಾ ನಾಕು ಹಂಡಿ ನೀರು. ವಾರದಾಗ ತುಂಬಿ ಹರೀತೈತಿ, ಮತ್ತ ಎಲ್ಲಿ ಒಯ್ಯಲಿ?” ಎಂದು ಕೇಳಿದರು. ಅವರು ಹಂಡೆಗಳನ್ನು ತೊಳೆದು ಹಿತ್ತಲಲ್ಲಿ ಬೋರಲು ಹಾಕಿದರು. ಆಮೇಲೆ ನೇಕಾರರಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತ ದಿನ ಕಳೆದರು. ಅಪ್ಪನಿಂದ ಬಂದ ಕಸುಬು ಬಿಟ್ಟ ಸಂಕಟವನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಾತಾಡುವಾಗ ಎಡಗೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಮೂರು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸಿಹಿಬಾವಿಯ ನೀರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತು, ನುಂಗಿದರು.

ನನಗೆ ಗಂಗಾವತಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಒಂದು ದಿನ ಕಾಕಾ ಇನ್ನು ಉಳಿಯುವುದಿಲ್ಲ ಎಂದು ಸುದ್ದಿ ಬಂತು. ಹೋದೆ. ಪಡಸಾಲೆಯಲ್ಲಿ ಮಲಗಿಸಿದ್ದರು. ಎರಡೂ ಕೈ ಎದೆಯ ಮೇಲಿದ್ದವು. ಯಾವುದು ಬಣ್ಣದ್ದು, ಯಾವುದು ನೀರಿನದು ಎಂದು ಗುರುತು ಸಿಗದಷ್ಟು ಒಂದೇ ಥರ ಬೆಳ್ಳಗಾಗಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಮಗಳು ಸಿಹಿಬಾವಿಯ ನೀರು ಕುಡಿದು ಶಾಲೆಗೆ ಹೋಗುವಷ್ಟು ಬೆಳೆದದ್ದು ಆ ಕೈಗಳು ಬಾವಿಗೆ ಇಳಿಬಿಟ್ಟ ಒಂದು ಲಡಿ ನೂಲಿನಿಂದ.

ನೀರು ಎಂದು ಸನ್ನೆ ಮಾಡಿದರು. ನಾನೇ ಬಾವಿಗೆ ಹೋಗಿ ಒಂದು ಕೊಡ ಸೇದಿ ತಂದೆ. ಲೋಟಕ್ಕೆ ಬಗ್ಗಿಸುವ ಮೊದಲು, ಯಾಕೋ, ಬಲ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದೆ. “ಮೊದಲ ಅವರಿಗೆ ಕೊಡಪಾ,” ಎಂದು ಯಾರೋ ಗದರಿದರು. ಕಣ್ಣು ತೆರೆದರೆ ಕಾಕಾ ನನ್ನನ್ನೇ ನೋಡುತ್ತಿದ್ದರು.

“ಹ್ಯಾಂಗೈತಿ?”

“ಸಿಹಿ ಐತಿ ಕಾಕಾ.”

ಆಮೇಲೆಯೇ ಅವರು ಬಾಯಿ ತೆರೆದರು.